ಟ್ರಾವೆಲರ್ ಗಾಡಿ ಕ್ಯಾಂಪರ್ ಮಾಡೋದದ, ನಮ್ಮ ಕಲಬುರಗಿ ಬಿಸಿಲಿಗೆ ಹೆಂಗ ಕಟ್ಟಬೇಕು ಹೇಳ್ರಿ

ಕೆಎ32_ಸವಾರ

ನಮಸ್ಕಾರ್ರಿ ಎಲ್ಲರಿಗೂ. ಒಂದು ಸೆಕೆಂಡ್ ಹ್ಯಾಂಡ್ ಫೋರ್ಸ್ ಟ್ರಾವೆಲರ್ ತೊಗೊಂಡು ಕ್ಯಾಂಪರ್, ಅಂದ್ರ ಒಳಗೇ ಮಲಗಿ ಉಳ್ಕೊಳ್ಳೋ ಗಾಡಿ, ಮಾಡ್ಬೇಕಂತ ಅದ, ರೊಕ್ಕ ಕೊಟ್ಟು ಮಾಡಿಸೋದಲ್ರಿ, ಆದಷ್ಟು ನನ್ನ ಕೈಯಿಂದೇ, ವೆಲ್ಡಿಂಗಿಗೆ ಮತ್ತ ಬಡಿಗ್ಯಾನ ಕೆಲಸಕ್ಕ ಮಾತ್ರ ಗೊತ್ತಿದ್ದವರ್ನ ಕರೀತೀನಿ. ಕಾರಣ ನಮ್ಮ ಅವ್ವ. ಆಕೀಗಿ ಮೊಣಕಾಲು ನೋವು, ಬಸ್ಸಿನ ಮೆಟ್ಟಲಾ ಹತ್ತಲಕ್ಕ ಆಗಲ್ಲ, ದಾರ್ಯಾಗ ಸಂಡಾಸದ್ದು ಇನ್ನೂ ದೊಡ್ಡ ತ್ರಾಸ, ಎಲ್ಲಿಗಾರ ಹೊಂಟ್ರ ಮುಂಜಾನಿಂದ ನೀರೇ ಕುಡಿಯಲ್ಲ, ಅದನ್ನ ನೋಡಿ ನೋಡಿ ನನಗ ಸಾಕಾಗ್ಯದ. ಗಾಣಗಾಪುರ, ಬಸವಕಲ್ಯಾಣ, ಬೀದರ್, ಮುಂದ ಶ್ರೀಶೈಲ, ಬದಾಮಿ, ಇಷ್ಟು ಆಕೀಗಿ ಆರಾಮ್ ತೋರಿಸಿದ್ರ ಸಾಕು.

ಎರಡು ಗಾಡಿ ನೋಡೀನಿ. ಒಂದು ಇಲ್ಲೇ ಕಲಬುರಗಿದು, ಹಳದಿ ಬೋರ್ಡ್ ಡೆಲಿವರಿ ವ್ಯಾನ್, ಒಳಗ ಪೂರಾ ಖಾಲಿ ಡಬ್ಬಿ, ರೇಟ್ ಕಮ್ಮಿ ಅದ. ಇನ್ನೊಂದು ಬೀದರ್‌ದು, ಬಿಳಿ ಬೋರ್ಡ್ 12 ಸೀಟಿನ ಪ್ಯಾಸೆಂಜರ್, ರೇಟ್ ಜಾಸ್ತಿ. ಅಪ್ಪ ಅವ್ವ ಒಳಗ ಮಲ್ಕೋಬೇಕು, ನಾವಿಬ್ಬರು ಟೆಂಟಿನಾಗ ಆದ್ರೂ ನಡೀತದ. ಕೇಳಬೇಕಾಗಿದ್ದು ಏನಂದ್ರ ಯಾವ ಗಾಡಿ ತೊಗೊಳ್ಳಿ, ಏಪ್ರಿಲ್ ಮೇ ಬಿಸಿಲಿಗೆ ಎಸಿ ಇಲ್ಲದ ಆಗ್ತದೋ ಇಲ್ಲೋ, ಬಡಿಗ್ಯಾ 18 ಎಂಎಂ ಪ್ಲೈನಾಗೇ ಎಲ್ಲಾ ಮಾಡೋಣ ಅಂತಾನ ಅದು ಸರಿನಾ, ಮತ್ತ ಅಡಗಿ ಕಟ್ಟಿಗಿ ಶಹಾಬಾದಿ ಕಲ್ಲು ಹಾಕಬೇಕಂತ ನನ್ನ ಆಸೆ, ಅವ್ವ ಅದರ ಮ್ಯಾಲೇ ರೊಟ್ಟಿ ಬಡೀತಾಳ ಅಂತ. ಗೊತ್ತಿದ್ದವರು ಜರ ಬಿಡಿಸಿ ಹೇಳ್ರಿ.

ಬೀದರ್_ಕೋಟಿ

ಮೊದ್ಲ ಗಾಡಿ ಅಲ್ರಿ, ಗಾಡಿ ಆರ್‌ಸಿ ನೋಡ್ರಿ. ಡೆಲಿವರಿ ವ್ಯಾನ್ ಸಸ್ತಾ ಖರೆ, ಆದ್ರ ಅದು ಗೂಡ್ಸ್ ಅಂತ ರಿಜಿಸ್ಟರ್ ಆಗಿರ್ತದ, ಮುಂದ ಡ್ರೈವರ್ ಬಾಜೂಕ ಎಷ್ಟು ಸೀಟ್ ಬರ್ದಾರೋ ಅಷ್ಟೇ ಮಂದಿ, ಹಿಂದ ನೀವು ಎಂಥಾ ಚಂದ ಪಲಂಗ ಹಾಕಿದ್ರೂ ಅಲ್ಲಿ ಅಪ್ಪ ಅವ್ವನ್ನ ಕುಂಡ್ರಿಸಿ ಓಡಿಸೋಹಂಗಿಲ್ಲ. ಏನಾರ ಆಗಬಾರದ್ದು ಆದ್ರ ಇನ್ಶೂರೆನ್ಸ್‌ದವ್ರು ಮೊದ್ಲ ಕೇಳೋದೇ ಇದನ್ನ.

1988ರ ಮೋಟಾರ್ ವಾಹನ ಕಾಯ್ದೆ ಸೆಕ್ಷನ್ 52 ಏನ್ ಹೇಳ್ತದಂದ್ರ, ಕಂಪನಿ ಕೊಟ್ಟ ವಿವರ ಆರ್‌ಸಿಯೊಳಗ ಏನದ ಅದಕ್ಕ ವ್ಯತ್ಯಾಸ ಆಗೋಹಂಗ ಓನರ್ ಗಾಡಿ ಬದಲು ಮಾಡಬಾರದು. 2019ರ ಜನವರಿಯಾಗ ಕೇರಳದ ಒಂದು ಕೇಸಿನಾಗ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳ್ಯದ. ಅದೇ ವರ್ಷದ ತಿದ್ದುಪಡಿಯಾಗ 182ಎ ಬಂತು, ಪರ್ಮಿಶನ್ ಇಲ್ಲದ ಬದಲಾವಣಿಗಿ ಒಂದೊಂದಕ್ಕ 5000 ರೂಪಾಯಿ ದಂಡ ಇಲ್ಲಾ 6 ತಿಂಗಳ ತನಕ ಜೈಲು, ಇಲ್ಲಾ ಎರಡೂ. ಯೂಟ್ಯೂಬಿನಾಗ ಎಲ್ಲರೂ ಮಾಡ್ಯಾರಲ್ಲ ಅನ್ನೋ ಮಾತು ಚೆಕ್‌ಪೋಸ್ಟಿನಾಗ ನಡಿಯಲ್ರಿ.

ಪೂರಾ ಪಕ್ಕಾ ಕ್ಯಾರವಾನ್ ಅಂತ ಆರ್‌ಸಿ ಬೇಕಂದ್ರ ಅದಕ್ಕ ಬ್ಯಾರೇನೇ ದಾರಿ ಅದ. ನಿಯಮದಾಗ ಮೋಟಾರ್ ಕ್ಯಾರವಾನ್ ಅಂದ್ರ ಸೀಟು ಟೇಬಲ್, ಮಲಗೋ ಜಾಗ, ಅಡಗಿ ವ್ಯವಸ್ಥಾ, ಸಾಮಾನು ಇಡೋ ಕಪಾಟ ಇಷ್ಟೂ ಗಾಡಿಗಿ ಭದ್ರ ಕೂಡಿಸಿದ್ದು ಇರಬೇಕು, ಎಐಎಸ್ 124 ಅಂತ ಅದರದ್ದೇ ಸ್ಟ್ಯಾಂಡರ್ಡ್ ಅದ, ಪುಣೆದಾಗಿನ ಎಆರ್‌ಎಐ ಅನ್ನೋ ಗಾಡಿ ಟೆಸ್ಟ್ ಮಾಡೋ ಸಂಸ್ಥಾ ಅಂಥಲ್ಲಿ ಅಪ್ರೂವಲ್ ಆಗ್ತದ. ಒಂದೇ ಗಾಡಿ ಸಲುವಾಗಿ ಮನಿಯವರು ಅದನ್ನ ಮಾಡಿಸೋದು ಭಾಳ ಕಠಿಣ, ಆ ಅಪ್ರೂವಲ್ ಮೊದ್ಲೇ ಇದ್ದ ಬಾಡಿ ಬಿಲ್ಡರ್ ಕಡಿಂದ ಮಾಡಿಸಿದ್ರ ಕಾಗದ ಸರಳ, ಆದ್ರ ಆಮ್ಯಾಲ ಅದು ನಿಮ್ಮ ಕೈ ಕೆಲಸ ಆಗಲ್ಲ.

ನಿಮ್ಮ ಮನಸಿನಾಗ ಇರೋದಕ್ಕ ಬಿಳಿ ಬೋರ್ಡ್ ಪ್ಯಾಸೆಂಜರ್ ಗಾಡೀನೇ ಸರಿ. ಬಾಡಿ ಕೊಯ್ಯಬ್ಯಾಡ್ರಿ, ಛತ್ತು ಎತ್ತಬ್ಯಾಡ್ರಿ, ಹೊಸ ಕಿಟಕಿ ತಗೀಬ್ಯಾಡ್ರಿ. ಪಲಂಗ, ಕಪಾಟ, ನೀರಿನ ಟಾಕಿ ಎಲ್ಲಾ ಬೋಲ್ಟ್ ಬಿಚ್ಚಿದ್ರ ಹೊರಗ ಬರೋಹಂಗ ಬ್ಯಾರೆ ಬ್ಯಾರೆ ತುಂಡು ಮಾಡ್ರಿ. ಸೀಟ್ ಕಮ್ಮಿ ಮಾಡಿದ್ರೂ ಅದು ಆರ್‌ಸಿ ಬದಲಾವಣೀನೇ, ಹಿಂಗಾಗಿ ಸ್ಪ್ಯಾನರ್ ಹಿಡಿಯೋಕಿಂತ ಮೊದ್ಲ ಆರ್‌ಟಿಓಗೆ ಸ್ಕೆಚ್ ಒಯ್ದು ಬರವಣಿಗಿ ಒಳಗ ಪರ್ಮಿಶನ್ ತೊಗೊಳ್ರಿ, ಕೆಲಸ ಆದ್ಮ್ಯಾಲ 14 ದಿನದೊಳಗ ತಿಳಿಸಿ ಆರ್‌ಸಿಯೊಳಗ ಏರಿಸ್ಕೊಳ್ರಿ. ಗಾಡಿ ಮ್ಯಾಲ ಸಾಲ ಇದ್ರ ಫೈನಾನ್ಸ್‌ದವರ ಒಪ್ಪಿಗಿ ಪತ್ರನೂ ಬೇಕು. ಬೀದರ್ ಗಾಡಿ ಕೆಎ38 ಇರ್ತದ, ನಿಮ್ಮ ಹೆಸರಿಗಿ ಮತ್ತ ಕಲಬುರಗಿ ವಿಳಾಸಕ್ಕ ವರ್ಗ ಮಾಡ್ಕೊಳ್ಳೋ ಟೈಮಿನಾಗೇ ಇದನ್ನೂ ಕೇಳ್ರಿ, ಎರಡೆರಡು ಸಲ ಅಡ್ಡಾಡೋದು ತಪ್ತದ.

ಯಾದಗಿರಿ_ಬೆಟ್ಟ

ಕೋಟಿ ಅವರು ಕಾಗದದ್ದು ಹೇಳ್ಯಾರ, ನಾ ಬಿಸಿಲಿಂದು ಹೇಳ್ತೀನಿ, ಯಾಕಂದ್ರ ನಮ್ಮ ಕಡಿ ಗಾಡಿ ಕಟ್ಟೋದರಾಗ ಇದರಕ್ಕಿಂತ ದೊಡ್ಡ ವಿಷಯ ಇಲ್ಲ. ಹೊರಗಿನ ದೇಶದವರ ವಿಡಿಯೋ ನೋಡಿ ಕಲ್ತವ್ರು ಚಳಿ ತಡಿಯೋ ಗಾಡಿ ಕಟ್ತಾರ. ನಮಗ ಚಳಿ ಅಲ್ರಿ, ಛತ್ತಿನ ಪತ್ರಾ ಕಾಯ್ದು ಕೆಳಗ ಇಳಿಯೋ ಝಳ ಅದ. ಮೇ ತಿಂಗಳದಾಗ 42-43 ಡಿಗ್ರಿ ಇದ್ದಾಗ ಬಿಸಿಲಿಗೆ ನಿಂತ ಗಾಡಿ ಒಳಗ ಹೊಕ್ರ ತಂದೂರಿ ಭಟ್ಟಿ ಇದ್ದಂಗ ಇರ್ತದ, ವಯಸ್ಸಾದವರಿಗಿ ಅದು ಜೀವಕ್ಕ ಅಪಾಯ.

ಛತ್ತಿಗಿ ಎಸಿ ಡಕ್ಟಿಗಿ ಸುತ್ತೋ ಕರೀ ನೈಟ್ರೈಲ್ ರಬ್ಬರ್ ಶೀಟ್ ಸಿಗ್ತದ ನೋಡ್ರಿ, ಹಿಂದ ಅಂಟು ಇದ್ದದ್ದು, 19 ಎಂಎಂ ಇಲ್ಲಾ 25 ಎಂಎಂ ತೊಗೊಳ್ರಿ. ಥರ್ಮಾಕೋಲ್ ಬ್ಯಾಡೇ ಬ್ಯಾಡ, ಲಗೂನ ಬೆಂಕಿ ಹಿಡೀತದ, ಹೊಗಿ ಕೆಟ್ಟದು. ಗ್ಲಾಸ್ ವೂಲ್ ಗಾಡಿ ಅಲುಗಾಟಕ್ಕ ಕೆಳಗ ಕುಸೀತದ, ಮಳಿಗಾಲದಾಗ ಹಸಿ ಹಿಡೀತದ.

ಇಲ್ಲೇ ಒಂದು ಮಾತು ಅದ, ಇದನ್ನ ಭಾಳ ಮಂದಿ ಬಿಡ್ತಾರ. ಛತ್ತಿನ ಒಳಗ ಅಡ್ಡ ಪಟ್ಟಿ ಇರ್ತಾವಲ್ಲ, ಆ ಪಟ್ಟಿ ನಡುವಿನ ಜಾಗದಾಗ ಮಾತ್ರ ಶೀಟ್ ಅಂಟಿಸಿ ಪಟ್ಟಿ ಹಂಗೇ ಬಿಟ್ರ ಝಳ ಅಲ್ಲಿಂದೇ ಇಳೀತದ. ಮಧ್ಯಾಹ್ನ ಮೂರು ಗಂಟೆಗಿ ಒಳಗ ಕುಂತು ಛತ್ತಿಗಿ ಅಂಗೈ ಹಚ್ಚಿ ಮುಂದಿಂದ ಹಿಂದಕ್ಕ ಎಳೀರಿ, ತಣ್ಣಗ, ಸುಡು, ತಣ್ಣಗ, ಸುಡು, ಪಟ್ಟಿ ಬಂದಲ್ಲೆಲ್ಲಾ ಕೈ ಹಿಂದಕ್ಕ ಜಗ್ಗಬೇಕು, ಅಷ್ಟು ಫರಕ್ ಇರ್ತದ. ಹಿಂಗಾಗಿ ಪಟ್ಟಿ ಮ್ಯಾಲೂ ತೆಳ್ಳಂದು ಒಂದು 6 ಎಂಎಂ ಶೀಟ್ ಸುತ್ತಿ ಆಮ್ಯಾಲ ಒಳಗಿನ ಪ್ಯಾನಲ್ ಹಾಕ್ರಿ. ಛತ್ತಿನ ಹೊರಗ ಬಿಳಿ ಬಣ್ಣ ಇರ್ಲಿ, ಇಡೀ ಗಾಡಿ ಬಣ್ಣ ಬದಲು ಮಾಡೋದಾದ್ರ ಅದೂ ಆರ್‌ಸಿಗೆ ಬರ್ತದ, ಅದನ್ನ ಕೇಳ್ಕೊಂಡೇ ಮಾಡ್ರಿ.

ಪ್ಯಾಸೆಂಜರ್ ಗಾಡಿಗಿ ಗ್ಲಾಸ್ ಜಾಸ್ತಿ, ಅದು ಇನ್ನೊಂದು ತ್ರಾಸ. ಪಡದಿ ಒಳಗ ಹಾಕಿದ್ರ ಬಿಸಿ ಆಗ್ಲೇ ಗ್ಲಾಸ್ ದಾಟಿ ಒಳಗ ಬಂದಿರ್ತದ. ನಿಂತಾಗ ಹೊರಗಿಂದ ಮುಚ್ಚೋದು ಬೇಕು, ಮ್ಯಾಗ್ನೆಟ್ ಹೊಲದ ದಪ್ಪ ಬಟ್ಟಿ ಇಲ್ಲಾ ಸಾದಾ ಬಿಳಿ ತಾಡಪತ್ರಿ ಆದ್ರೂ ನಡೀತದ.

ಎಸಿ ಬಗ್ಗಿ ನನ್ನ ಅಭಿಪ್ರಾಯ, ಬ್ಯಾಡ. ನಮ್ಮದು ಒಣ ಹವಾ, ಇಲ್ಲಿ ಕೂಲರ್ ಚಲೋ ಕೆಲಸ ಮಾಡ್ತದ. 42 ಡಿಗ್ರಿ ಒಣ ಬಿಸಿಲಿನಾಗ ಚಲೋ ಪ್ಯಾಡ್ ಇದ್ದ ಕೂಲರಿಂದ ಬರೋ ಗಾಳಿ 28ರ ಆಸುಪಾಸು ಇರ್ತದ. ಸಣ್ಣ 12 ವೋಲ್ಟ್ ಕೂಲರ್‌ಗಿ 50 ವಾಟ್ ಸಾಕು. ಆದ್ರ ಎದುರು ಬಾಜೂಕ ಗಾಳಿ ಹೊರಗ ಹೋಗಲಕ್ಕ ಕಿಟಕಿ ತೆರ್ದಿರಬೇಕು, ಮುಚ್ಚಿ ಹಚ್ಚಿದ್ರ ಹಸಿ ತುಂಬಿ ಬೆವರು ಬಿಡ್ತದ. ಮತ್ತ ನೀರು ತಾಸಿಗಿ ಎರಡರಿಂದ ನಾಕು ಲೀಟರ್ ಹೋಗ್ತದ, ಆ ಲೆಕ್ಕ ಟಾಕಿಯೊಳಗ ಹಿಡೀರಿ. ಇನ್ನ ಶೀಟ್ ಹಾಕಿದ ಗಾಡಿ ಒಳಗಿನ ಬಿಸೀನೂ ಹಿಡಿದು ಇಟ್ಕೋತದ, ಸಂಜಿಗಿ ಹೊರಗ ತಣ್ಣಗಾದ್ರೂ ಒಳಗ ಧಗಿ ಇರ್ತದ, ಅದಕ್ಕ ಬಿಸಿ ಗಾಳಿ ಹೊರಗ ಒಗಿಯೋ ಒಂದು ಎಕ್ಸಾಸ್ಟ್ ಫ್ಯಾನ್ ಆದಷ್ಟು ಎತ್ತರದಾಗ ಕೂಡಿಸ್ರಿ, ಹೊಸ ತೂತು ಕೊಯ್ಯದ ಇದ್ದ ಕಿಟಕಿ ಗ್ಲಾಸ್ ಸರಿಸಿ ಆ ಜಾಗದಾಗೇ ಕೂಡಿಸಬಹುದು.

ಕೆಎ32_ಸವಾರ

ಇಬ್ಬರಿಗೂ ಭಾಳ ಉಪಕಾರ ಆಯ್ತ್ರಿ. ಡೆಲಿವರಿ ವ್ಯಾನ್ ಬಿಟ್ಟೆ, ಬೀದರ್ ಗಾಡೀನೇ ನೋಡ್ತೀನಿ. ಪ್ಲೈ ಮತ್ತ ಕಲ್ಲಿನ ಬಗ್ಗಿ ಯಾರಾರ ಹೇಳ್ರಿ, ಬಡಿಗ್ಯಾ ಒಂದೇ ಸವನ ಕೇಳ್ಲಕತ್ತಾನ ಯಾವಾಗ ಸಾಮಾನು ತರೋದು ಅಂತ.

ತೊಗರಿ_ಕಾಟಾ

ಬಡಿಗ್ಯಾಗ ಜರ ನಿಂದ್ರಲಕ್ಕ ಹೇಳ್ರಿ. ಮನಿ ವಾರ್ಡ್‌ರೋಬ್ ಬ್ಯಾರೆ, ಗಾಡಿ ಬ್ಯಾರೆ. 8 ಬೈ 4 ಫೂಟಿನ 18 ಎಂಎಂ ಪ್ಲೈ ಒಂದು ಶೀಟ್ ಹತ್ತತ್ರ 35 ಕೆಜಿ ಬರ್ತದ, ನೀವು ಪಲಂಗ, ಕಪಾಟ, ನೆಲ, ಪಾರ್ಟಿಶನ್ ಅಂತ ಹೊಂಟ್ರ ಹತ್ತು ಶೀಟ್ ಆರಾಮ್ ಹಿಡೀತದ, ಬರೀ ಕಟಗಿದೇ ಮೂರೂವರಿ ಕ್ವಿಂಟಲ್ ಆಯ್ತು. ಫ್ರೇಮಿಗಿ ಅಲ್ಯೂಮಿನಿಯಂ ಚೌಕ ಪೈಪ್ ಹಾಕಿ, ಮ್ಯಾಲ 6 ಎಂಎಂ, ಮಲಗೋ ಜಾಗಕ್ಕ 12 ಎಂಎಂ ವಾಟರ್‌ಪ್ರೂಫ್ ಪ್ಲೈ ಹಾಕಿದ್ರ ಅರ್ಧ ವಜ್ಜ ಇಳೀತದ. ಸ್ಕ್ರೂ ಮ್ಯಾಲ ಭರವಸೆ ಇಡಬ್ಯಾಡ್ರಿ, ನಮ್ಮ ರೋಡಿಗಿ ಒಂದು ವರ್ಷದಾಗ ಎಲ್ಲಾ ಸಡ್ಲ ಆಗ್ತಾವ, ಪತ್ರಾಕ್ಕ ರಿವ್‌ನಟ್, ಅಂದ್ರ ತೂತಿನಾಗೇ ಕಚ್ಕೊಂಡು ಕೂಡೋ ನಟ್, ಹೊಡ್ದು ಬೋಲ್ಟ್ ಹಾಕ್ರಿ, ಉಳಿದ ಕಡಿ ನಟ್ ನೈಲಾಕ್‌ದು ಇರ್ಲಿ, ಒಳಗ ನೈಲಾನ್ ಬಳಿ ಇರ್ತದ, ಅಲುಗಾಟಕ್ಕ ಸಡ್ಲ ಆಗಲ್ಲ.

ಶಹಾಬಾದಿ ಕಲ್ಲು ನನಗೂ ಜೀವ, ನಮ್ಮ ಮನಿ ತುಂಬ ಅದೇ ಅದ. ಆದ್ರ ಲೆಕ್ಕ ನೋಡ್ರಿ, ನಾಕು ಫೂಟ್ ಉದ್ದ, ಒಂದೂವರಿ ಫೂಟ್ ಅಗಲ, ಒಂದು ಇಂಚ್ ದಪ್ಪ ಇದ್ರ 35 ಕೆಜಿ ಮ್ಯಾಲ ಆಗ್ತದ. ವಜ್ಜಕ್ಕಿಂತ ದೊಡ್ಡ ಮಾತು, ಬ್ರೇಕ್ ಹೊಡ್ದಾಗ ಅದು ಕಿತ್ಗೊಂಡು ಮುಂದ ಬಂದ್ರ ಮುಂದ ಕುಂತವರ ಗತಿ ಏನು? ಪದರ ಪದರ ಕಲ್ಲು ಅದು, ಅಲುಗಾಟಕ್ಕ ಅಂಚಿನಾಗ ಎದ್ದು ಬರ್ತದ. ತೆಳ್ಳನ ಸ್ಟೀಲ್ ಶೀಟ್ ಹಾಕ್ರಿ.

ಇನ್ನ ತೂಗೋ ವಿಷಯ. ಗಾಡಿ ಮನಿಗಿ ಬಂದ ದಿನಾನೇ ಖಾಲಿ ಇದ್ದಾಗ ವೇ ಬ್ರಿಜ್‌ಗಿ ಒಯ್ದು ಚೀಟಿ ಮಾಡಿಸ್ರಿ. ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ದಾಲ್ ಮಿಲ್ ಅದಾವ, ಕಾಟಾ ಹುಡುಕೋದು ಕಠಿಣ ಆಗಲ್ಲ. ಮುಂದಿನ ಗಾಲಿ ಅಷ್ಟೇ ಕಾಟಾ ಮ್ಯಾಲ ನಿಂದ್ರಿಸಿ ಒಂದು ಸಲ, ಹಿಂದಿನ ಗಾಲಿ ಅಷ್ಟೇ ಒಂದು ಸಲ, ಪೂರಾ ಗಾಡಿ ಒಂದು ಸಲ. ಕೆಲಸ ಅರ್ಧಕ್ಕ ಬಂದಾಗ ಮತ್ತ ತೂಗ್ರಿ, ಪೂರಾ ಆದ್ಮ್ಯಾಲ ನೀರು ತುಂಬಿ ಮಂದಿ ಕುಂತು ಮತ್ತೊಂದು ಸಲ. ಆರ್‌ಸಿಯೊಳಗ ಬರ್ದ ಒಟ್ಟು ತೂಕ ದಾಟಬಾರದು, ಎಡಕ ಬಲಕ ಸಮ ಇರಬೇಕು. ಒಂದು ಲೀಟರ್ ನೀರಂದ್ರ ಒಂದು ಕೆಜಿ, 80 ಲೀಟರ್ ಟಾಕಿ ಹಿಂದಿನ ಬಾಗಿಲಕ್ಕ ಇಟ್ರ ಹಿಂದಿನ ಎಕ್ಸೆಲ್‌ಗಿ ಬೀಳೋದು 80ಕ್ಕಿಂತ ಜಾಸ್ತಿ, ಮುಂದಿನ ಗಾಲಿ ಹಗರ ಆಗ್ತದ, ಹಿಂಗಾಗಿ ಟಾಕಿ ಎರಡೂ ಗಾಲಿ ನಡುವ ನೆಲಕ್ಕ ಹತ್ತಿ ಇರ್ಲಿ.

ಮತ್ತ ಇದನ್ನ ಕೈ ಮುಗ್ದು ಹೇಳ್ತೀನಿ, ಗಾಡಿ ಓಡುವಾಗ ಯಾರೂ ಪಲಂಗದ ಮ್ಯಾಲ ಮಲ್ಕೋಬಾರದು. ಕಂಪನಿ ಸೀಟ್ ಎರಡು ಸಾಲು ಬೆಲ್ಟ್ ಸಮೇತ ಹಂಗೇ ಉಳಿಸ್ರಿ, ಅಪ್ಪ ಅವ್ವ ಅಲ್ಲೇ ಕುಂಡ್ರಲಿ.

ಕೆಎ32_ಸವಾರ

ಕಲ್ಲಿನ ಆಸೆ ಬಿಟ್ಟೆ ಹಂಗಾರ. ಕರೆಂಟಿಂದು ಇನ್ನೊಂದು ಕೇಳ್ತೀನಿ. ಮನಿ ಇನ್ವರ್ಟರಿಂದು 150 ಎಎಚ್ ಟ್ಯೂಬುಲರ್ ಬ್ಯಾಟರಿ ಒಂದು ಚಲೋ ಇದ್ದದ್ದು ಅದ, ಅದನ್ನೇ ಗಾಡಿ ಒಳಗ ಪಲಂಗದ ಕೆಳಗ ಇಡ್ಲೇನು? ಇಂಡಕ್ಷನ್ ಒಲಿ ನಡೀತದಾ? ಅಪ್ಪ ಎಸಿ ಬೇಕೇ ಬೇಕು ಅಂತಾರ.

ಸುರಪುರ_ಸೋಲಾರ್

ಟ್ಯೂಬುಲರ್ ಬ್ಯಾಟರಿ ಮಲಗೋ ಜಾಗದಾಗ ಇಡಬ್ಯಾಡ್ರಿ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡ್ತದ, ಒಳಗ ಆ್ಯಸಿಡ್ ಅದ, ಗಾಡಿ ವಾಲಿದ್ರ ಚೆಲ್ತದ, ಮ್ಯಾಲ 50 ಕೆಜಿ ಮೀರಿ ವಜ್ಜ. ಗಾಡಿಗಿ ಎಲ್‌ಎಫ್‌ಪಿ ಬ್ಯಾಟರಿ, ಅಂದ್ರ ಲಿಥಿಯಂ ಐರನ್ ಫಾಸ್ಫೇಟ್ ತೊಗೊಳ್ರಿ. 12.8 ವೋಲ್ಟ್ 100 ಎಎಚ್ ಅಂದ್ರ 1280 ವಾಟ್ ಅವರ್, ತೂಕ 10-12 ಕೆಜಿ.

ನಿಮ್ಮ ದಿನದ ಕರೆಂಟ್ ಖರ್ಚು ವಾಟ್ ಅವರ್ ಲೆಕ್ಕದಾಗ ನೋಡೋಣ. 15 ವಾಟಿನ ಫ್ಯಾನ್ ಎರಡು ಹತ್ತು ತಾಸು ನಡೆದ್ರ 300, ಕೂಲರ್ ಎಂಟು ತಾಸಿಗಿ 400, ಡಿಸಿ ಫ್ರಿಜ್ ಬೇಸಗಿಯಾಗ 500ರ ಆಸುಪಾಸು, ಲೈಟು ಮೊಬೈಲು ಸೇರಿ 100. ಒಟ್ಟು 1300 ಹಿಡೀರಿ. ಒಂದು ಬ್ಯಾಟರಿ ಬಿಗಿ ಆಗ್ತದ, 200 ಎಎಚ್ ಇದ್ರ ಒಂದು ದಿನ ಮೋಡ ಮುಸುಕಿದ್ರೂ ಚಿಂತಿ ಇಲ್ಲ. ಛತ್ತಿನ ಮ್ಯಾಲ 400 ವಾಟ್ ಸೋಲಾರ್ ಪ್ಯಾನಲ್ ಇಟ್ರ, ಬಿಸಿಲು ಐದು ತಾಸು ಅಂತ ಹಿಡಿದು ನಷ್ಟ ಕಳೆದ್ರ 1400 ಬರ್ತದ. ನಮ್ಮ ಕಡಿ ಬಿಸಿಲು ಜಾಸ್ತಿ ಅಂತ ಕರೆಂಟೂ ಜಾಸ್ತಿ ಬರ್ತದಂತ ತಿಳ್ಕೋಬ್ಯಾಡ್ರಿ, ಪ್ಯಾನಲ್ ಕಾದಷ್ಟೂ ಕಮ್ಮಿ ಕೊಡ್ತದ, 25 ಡಿಗ್ರಿ ಮ್ಯಾಲ ಒಂದೊಂದು ಡಿಗ್ರಿಗಿ ಶೇಕಡಾ 0.35-0.4 ಇಳೀತದ, 65 ಡಿಗ್ರಿ ಆದ್ರ ಶೇಕಡಾ 15 ಹೋಯ್ತು. ಅದಕ್ಕ ಪ್ಯಾನಲ್ ಛತ್ತಿಗಿ ಅಂಟಿಸದ ಎರಡು ಮೂರು ಇಂಚ್ ಎತ್ತರಕ್ಕ ನಿಂದ್ರಿಸ್ರಿ, ಕೆಳಗ ಗಾಳಿ ಆಡ್ತದ, ಛತ್ತಿಗಿ ನೆಳ್ಳೂ ಆಗ್ತದ, ಯಾದಗಿರಿ_ಬೆಟ್ಟ ಅವರು ಹೇಳಿದ ಝಳ ಪ್ಯಾನಲ್ ಇದ್ದಷ್ಟು ಜಾಗದಾಗ ಕಮ್ಮಿ ಆಗ್ತದ.

ಈ ಬ್ಯಾಟರಿಗೂ ಬಿಸಿ ಆಗಿಬರಲ್ಲ. 45 ಡಿಗ್ರಿ ದಾಟಿದ ಜಾಗದಾಗ ಚಾರ್ಜ್ ಮಾಡ್ಕೋತ ಹೋದ್ರ ಆಯುಷ್ಯ ಕಮ್ಮಿ ಆಗ್ತದ, ಇಂಜಿನ್ ಬಾಜೂಕ ಬ್ಯಾಡ, ಸೀಟಿನ ಕೆಳಗ ನೆಳ್ಳಾಗ ಗಾಳಿ ಆಡೋ ಡಬ್ಬಿಯಾಗ ಇಡ್ರಿ. ಗಾಡಿ ಡೈನಮೋದಿಂದ ಚಾರ್ಜ್ ಮಾಡೋದಾದ್ರ ನೇರ ವೈರ್ ಎಳೀಬ್ಯಾಡ್ರಿ, ನಡುವ 30 ಆಂಪ್ ಡಿಸಿ ಟು ಡಿಸಿ ಚಾರ್ಜರ್ ಇರ್ಲಿ. ಫ್ಯೂಜ್ ಬ್ಯಾಟರಿ ಪ್ಲಸ್ ಟರ್ಮಿನಲ್‌ಗಿ ಒಂದು ಗೇಣಿನೊಳಗೇ ಇರಬೇಕು, ಮೂರು ಮಾರು ದೂರ ಇದ್ರ ಆ ನಡುವಿನ ವೈರಿಗಿ ರಕ್ಷಣಾನೇ ಇಲ್ಲ. ಪತ್ರಾ ತೂತಿನಿಂದ ವೈರ್ ಹಾಯೋ ಕಡಿ ಎಲ್ಲಾ ರಬ್ಬರ್ ಗ್ರೊಮೆಟ್ ಹಾಕ್ರಿ. ಬೆಂಕಿ ಆರಿಸೋ 2 ಕೆಜಿ ಎಬಿಸಿ ಪೌಡರ್ ಸಿಲಿಂಡರ್ ಬಾಗಿಲ ಬಾಜೂಕ ಕೈಗಿ ಸಿಗೋಹಂಗ ಇರ್ಲಿ.

ಇಂಡಕ್ಷನ್ 1800 ವಾಟ್ ಅಂದ್ರ ಬ್ಯಾಟರಿಯಿಂದ 150 ಆಂಪ್ ಮ್ಯಾಲ ಜಗ್ತದ, ಆ ವೈರು ಆ ಇನ್ವರ್ಟರ್ ಖರ್ಚಿಗಿ ಅರ್ಥ ಇಲ್ಲ. ಎಸಿ ಒಂದು ಟನ್‌ದು ಇನ್ವರ್ಟರ್ ಟೈಪ್ ಇದ್ರೂ ರಾತ್ರಿ ಎಂಟು ತಾಸಿಗಿ ಐದು ಸಾವಿರ ವಾಟ್ ಅವರ್ ಹತ್ತತ್ರ ಬೇಕು, 400 ಎಎಚ್ ಬ್ಯಾಟರಿ ಬರೀ ಅದಕ್ಕೇ ಹೋಗ್ತದ. ಅಪ್ಪಗ ಹೇಳ್ರಿ.

ಭಾಲ್ಕಿಯಿಂದ_ಬೆಂಗಳೂರಿಗೆ

ಒಂದು ಮಾತು ಒಪ್ಪಲ್ಲ ನಾನು. ಕೂಲರ್ ಒಣ ಹವಾ ಇದ್ದಾಗ ಮಾತ್ರ ಕೆಲಸ ಮಾಡತ್ತೆ, ಇವರು ಜೂನಲ್ಲಿ ಮಳೆ ಬಿದ್ದ ಮೇಲೆ ಹೊರಟ್ರೆ ಅಥವಾ ಮುಂದೆ ಕರಾವಳಿ ಕಡೆ ಹೋದ್ರೆ ಅದು ಬರೀ ನೀರು ಚೆಲ್ಲೋ ಫ್ಯಾನ್ ಅಷ್ಟೇ. ವಯಸ್ಸಾದವರು ಅಂದ್ರೆ ಒಂದು ಬ್ಯಾಕಪ್ ಬೇಕು. ಗಾಡಿ ಹೊರಗೆ ಒಂದು 16 ಆಂಪ್ ಸಾಕೆಟ್ ಮತ್ತೆ ಕರೆಂಟ್ ಲೀಕ್ ಆದ್ರೆ ತಾನೇ ಆಫ್ ಆಗೋ ಅರ್ಥ್ ಲೀಕೇಜ್ ಬ್ರೇಕರ್ ಇಟ್ಕೊಂಡ್ರೆ ಲಾಡ್ಜ್‌ನಲ್ಲೋ ನೆಂಟರ ಮನೇಲೋ ವೈರ್ ಎಳೆದು ಸಣ್ಣ ಪೋರ್ಟಬಲ್ ಎಸಿ ಹಾಕ್ಕೋಬಹುದು, ಬ್ಯಾಟರಿ ಮೇಲೆ ಓಡಿಸೋ ಮಾತೇ ಬೇಡ.

ಯಾದಗಿರಿ_ಬೆಟ್ಟ

ಕರಾವಳಿಗಿ ನಿಮ್ಮ ಮಾತು ಪೂರಾ ಖರೆ. ನಮ್ಮ ಕಡಿ ಮಳಿ ಹಿಡಿದ ಮ್ಯಾಲ ಹೊರಗೇ 30-32ಕ್ಕ ಇಳಿದಿರ್ತದ, ಫ್ಯಾನ್ ಸಾಕಾಗ್ತದ. ಹೊರಗಿನ ಸಾಕೆಟ್ ಮಾತ್ರ ಚಲೋ ಸಲಹಾ, ಅದನ್ನ ಈಗೇ ಹಾಕಿಸ್ಕೊಳ್ರಿ.

ಮಳಿ ಅಂದಕೂಡ್ಲೇ ನೆನಪಾಯ್ತು, ಮಳಿಗಾಲದಾಗ ಎರಿ ಹೊಲದಾಗ ಗಾಡಿ ನಿಂದ್ರಿಸಬ್ಯಾಡ್ರಿ. ಬೋನಾಳ ಕೆರಿ ಕಡಿ ಹಕ್ಕಿ ನೋಡಲಕ್ಕ ಹೋಗ್ರಿ, ಚಿಂಚೋಳಿ ಕಾಡಿನ ಕಡಿ ಹೋಗ್ರಿ, ಸಂಜಿಗಿ ಒಣಗಿದ್ದ ನೆಲ ಬಿರುಕು ಬಿಟ್ಟು ಗಟ್ಟಿ ಕಾಣ್ತದ, ರಾತ್ರಿ ಅರ್ಧ ತಾಸು ಮಳಿ ಹೊಡೀತಂದ್ರ ಮುಂಜಾನಿ ಗಾಲಿಗಿ ಎರಿ ಮಣ್ಣು ಮೆತ್ತಿ ಮಡ್‌ಗಾರ್ಡ್ ತನಕ ತುಂಬಿ ಗಾಲಿ ತಿರುಗಲ್ಲ, ಟ್ರಾಕ್ಟರೇ ಬೇಕು. ಡಾಂಬರ್, ಮುರುಮ್ ಇಲ್ಲಾ ಕಲ್ಲು ನೆಲ ನೋಡಿ ನಿಂದ್ರಿಸ್ರಿ.

ರೊಟ್ಟಿ_ಬುತ್ತಿ

ಎಲ್ಲರೂ ಬ್ಯಾಟರಿ ಪ್ಲೈ ಅಂತ ಹೊಂಟೀರಿ, ಅಣ್ಣಾ ಮೊದ್ಲ ಬರ್ದಿದ್ದು ಅವ್ವಂದು. ಆಕೀಗಿ ಬೇಕಾಗಿದ್ದು ಸಂಡಾಸ ಮತ್ತ ಮೆಟ್ಟಲಾ. ಅದರ ಸುತ್ತ ಉಳಿದಿದ್ದು ಕಟ್ರಿ.

ಪೋರ್ಟಬಲ್ ಟಾಯ್ಲೆಟ್ ಅಂತ ಎರಡು ಟಾಕಿದು ಸಿಗ್ತದ, ಕೆಳಗಿನ ಟಾಕಿ 20 ಲೀಟರ್‌ದು ತೊಗೊಳ್ರಿ. ಗಾಡಿಗಿ ತೂತು ಹೊಡಿಯೋದು ಬೇಕಾಗಲ್ಲ, ಎತ್ತಿ ಹೊರಗ ಒಯ್ಯಬಹುದು. ಎಷ್ಟೋ ಅವು ಗಿಡ್ಡ ಇರ್ತಾವ, ಮೊಣಕಾಲು ನೋವಿದ್ದವರಿಗಿ ಅಲ್ಲಿಂದ ಏಳೋದೇ ಕಷ್ಟ. ಕೆಳಗ ಗಟ್ಟಿ ಪೆಟ್ಟಿಗಿ ಕಟ್ಟಿ ಕುಂಡ್ರೋ ಎತ್ತರ 18 ಇಂಚಿಗಿ ತರ್ರಿ, ಬೇಕಾದ್ರ ಅವ್ವಗ ಮನಿಯಾಗಿನ ಖುರ್ಚಿ ಮ್ಯಾಲ ಕುಂಡ್ರಿಸಿ ಯಾವ ಎತ್ತರಕ್ಕ ಆಕೀಗಿ ಏಳಲಕ್ಕ ಸಲೀಸು ಆಗ್ತದ ಅಂತ ಅಳೀರಿ. ತುಂಬಿದ ಟಾಕಿ ಹೊಲದಾಗ ಹಳ್ಳದಾಗ ಚೆಲ್ಲಬ್ಯಾಡ್ರಿ, ಯಾವುದಾರ ಸಂಡಾಸದಾಗೇ ಹಾಕ್ರಿ.

ಅಡಗಿ ಒಳಗ ಬ್ಯಾಡ. 5 ಕೆಜಿ ಸಣ್ಣ ಸಿಲಿಂಡರ್ ಸಿಗ್ತದ, ಹಿಂದಿನ ಬಾಗಿಲ ಬಾಜೂಕ ಮುಚ್ಚಿದ ಡಬ್ಬಿಯಾಗ ನಿಂದ್ರಿಸಿ ಕಟ್ರಿ, ಡಬ್ಬಿ ತಳಕ್ಕ ಹೊರಗ ಹೋಗೋ ತೂತು ಇರ್ಲಿ ಯಾಕಂದ್ರ ಈ ಗ್ಯಾಸ್ ಗಾಳಿಗಿಂತ ವಜ್ಜ, ಕೆಳಗೇ ಕೂಡ್ತದ. ಒಲಿ ಹೊರಗ ಜಗ್ಗಿ ಹಚ್ಚೋಹಂಗ ಮಾಡ್ರಿ. ರೊಟ್ಟಿ ಬಗ್ಗಿ ಚಿಂತಿ ಬಿಡ್ರಿ, ಪ್ರವಾಸದಾಗಾರ ಆಕೀಗಿ ರೊಟ್ಟಿ ಬಡಿಯೋದು ತಪ್ಲಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಟಾಣಿ ಚಟ್ನಿ ಕಟ್ಕೊಂಡು ಹೋದ್ರ ವಾರ ಏನೂ ಆಗಲ್ಲ, ಪಲ್ಲ್ಯಾ ಒಂದು ಬಿಸಿ ಮಾಡ್ಕೊಂಡ್ರ ಸಾಕು.

ಕೆಎ32_ಸವಾರ

ಅಕ್ಕಾ ನೀವು ಹೇಳಿದ್ದು ಮನಸಿಗಿ ಹತ್ತಿತು. ಸಂಡಾಸ ಸೈಡ್ ಬಾಗಿಲಿಗೆ ಹತ್ತಿ ಇಡ್ಲೋ, ಪೂರಾ ಹಿಂದ ಇಡ್ಲೋ? ಮೆಟ್ಟಲಾ ಎಷ್ಟು ಎತ್ತರ?

ರೊಟ್ಟಿ_ಬುತ್ತಿ

ಪಲಂಗಕ್ಕ ಹತ್ತಿ ಇಡ್ರಿ, ರಾತ್ರಿ ಎದ್ದಾಗ ಎರಡು ಹೆಜ್ಜಿ ಮೀರಬಾರದು, ನಡುವ ಹೊಸ್ತಿಲ ಏನೂ ಇರಬಾರದು, ನೆಲದ ಹತ್ರ ಒಂದು ಸಣ್ಣ ಲೈಟ್ ಇರ್ಲಿ. ಸುತ್ತ ದಪ್ಪ ಪಡದಿ ಸಾಕು, ಕಟಗಿ ಬಾಗಿಲು ಹಾಕಿದ್ರ ಒಳಗ ತಿರುಗಲಕ್ಕ ಜಾಗ ಉಳಿಯಲ್ಲ. ಮೆಟ್ಟಲಾ ಒಂದೊಂದು ಆರು ಇಂಚ್ ಮೀರದಂಗ ಮಡಚೋ ಮೆಟ್ಟಲಾ ಮಾಡಿಸ್ರಿ, ಪಾದ ಪೂರಾ ಊರೋ ಅಷ್ಟು ಅಗಲ, ಮ್ಯಾಲ ಜಾರದ ಶೀಟ್. ಹತ್ತುವಾಗ ಎರಡೂ ಕೈಗಿ ಹಿಡಿಕಿ ಬೇಕು, ಸಂಡಾಸದ ಬಾಜೂಕ ಒಂದು, ಪಲಂಗದ ತಲಿ ಕಡಿ ಒಂದು. ಹಿಡಿಕಿ ಪ್ಲೈಗಿ ಸ್ಕ್ರೂ ಹೊಡಿಬ್ಯಾಡ್ರಿ, ಆಕಿ ಪೂರಾ ಭಾರ ಹಾಕಿ ಜಗ್ತಾಳ, ಬಾಡಿ ಕಬ್ಬಿಣದ ಪಟ್ಟಿಗೇ ಬೋಲ್ಟ್ ಮಾಡ್ರಿ, ಮತ್ತ ಅವ್ವಗ ತೋರಿಸೋಕಿಂತ ಮೊದ್ಲ ನೀವೇ ಜೋತು ಬಿದ್ದು ನೋಡ್ರಿ.